ಈನಾಕ್ ಹಿಡಿದ ಕ್ಯಾಚು

ನಮ್ಮ ಥಾರ್ನ್‌ಕ್ಲಫ್ ಊರಿನಲ್ಲಿ ಚೆಂಡಾಟಕ್ಕೆ ಸಂಬಳ ಪಡೆದ ಮೊದಲ ಮನುಷ್ಯ ಈನಾಕ್ ಶಟಲ್‌ವರ್ತ್, ನನ್ನ ಅಕ್ಕ ಟಬಿತಾಳ ಗಂಡ. ಇದಕ್ಕೆ ಊರಿನ ಅರ್ಧ ಜನ ಹೆಮ್ಮೆಪಟ್ಟರು, ಚಾಪೆಲ್ಲಿನ ಪ್ರಾರ್ಥನೆ ತಪ್ಪಿಸದ ಇನ್ನರ್ಧ ಜನ ಮೂಗು ಮುರಿದರು. ನಾನು ಎರಡೂ ಕಡೆಯವರ ಮನೆಯಲ್ಲಿ ಕೂತು ಆಲೂಗಡ್ಡೆ ಪೈ ತಿಂದವನು. ಹಾಗಾಗಿ ನನ್ನ ಮಾತು ನಂಬಬಹುದು.

ಭಾವನ ಅಂಗೈ ಮೊರದಗಲ. ಮಿಲ್ಲಿನ ಹತ್ತಿ ಹಿಂಜುವ ಕೋಣೆಯಲ್ಲಿ ಹನ್ನೆರಡು ವರ್ಷ ದುಡಿದು ಎದೆಯೊಳಗೆ ಧೂಳು ತುಂಬಿಕೊಂಡಿದ್ದ. ಕೂತರೆ ಕೆಮ್ಮು, ಮಲಗಿದರೆ ಕೆಮ್ಮು. ಬೇಸಿಗೆಯ ಶನಿವಾರಗಳಲ್ಲಿ ಕ್ರಿಕೆಟ್ ಆಡುವಾಗ ಮಾತ್ರ ಅದು ಹತ್ತಿರ ಸುಳಿಯುತ್ತಿರಲಿಲ್ಲ. ಸ್ಲಿಪ್ಪಿನಲ್ಲಿ ನಿಂತು ಕ್ಯಾಚು ಹಿಡಿದ ಕೂಡಲೇ ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ, ಆಕಾಶಕ್ಕೆ ತೂರುತ್ತಿದ್ದ. ನಮ್ಮ ಕಣಿವೆಯಲ್ಲಿ ಕ್ಯಾಚು ಹಿಡಿದವರೆಲ್ಲ ಹಾಗೇ ಮಾಡುತ್ತಿದ್ದರು.

ಸಾವಿರದ ಎಂಟುನೂರ ಎಂಬತ್ತೊಂಬತ್ತರ ಆಗಸ್ಟಿನಲ್ಲಿ ಊರಿನ ಫುಟ್‌ಬಾಲ್ ಕ್ಲಬ್ಬಿನವರು ಆ ಅಂಗೈಗಳನ್ನು ನೋಡಿ ಅವನನ್ನು ಗೋಲ್‌ಕೀಪರ್ ಮಾಡಲು ಕರೆದರು. ಒಂದು ಪಂದ್ಯ ಆಡಿಸಿ ನೋಡುತ್ತೇವೆ, ಸರಿಬಂದರೆ ಸಂಬಳ, ಇಲ್ಲದಿದ್ದರೆ ಮಿಲ್ಲೇ ಗತಿ ಎಂದರು.

"ಗೆದ್ದಾದ್ರೂ ಬಾ, ಸೋತಾದ್ರೂ ಬಾ. ಆ ಕೋಣೆಗೆ ಮಾತ್ರ ವಾಪಸ್ ಹೋಗ್ಬೇಡ," ಎಂದಳು ಅಕ್ಕ. "ಇನ್ನೆರಡು ವರ್ಷ ಅಲ್ಲಿದ್ರೆ ನೀನು ಉಳಿಯಲ್ಲ."

ಸೆಪ್ಟೆಂಬರಿನ ಮೊದಲ ಶನಿವಾರ ಪಂದ್ಯ. ಎದುರಾಳಿ ಪಕ್ಕದೂರು ಬ್ರೋಕ್‌ಶಾ, ಹುಟ್ಟಾ ಹಗೆ. ಹಿಂದಿನ ಶನಿವಾರವಷ್ಟೇ ಕ್ರಿಕೆಟ್ ಮುಗಿಸಿದ್ದ ಭಾವ ಬಂದ ಚೆಂಡನ್ನೆಲ್ಲ ಬಾಚಿಕೊಂಡ. ಎರಡೂ ಕಡೆ ಗೋಲಿಲ್ಲ. ಕೊನೆಯ ನಿಮಿಷದಲ್ಲಿ ಗೋಲಿನ ಮೂಲೆಗೆ ಬಂದ ಹೊಡೆತಕ್ಕೆ ಹಾರಿ, ಒಂದೇ ಕೈಯಲ್ಲಿ ಹಿಡಿದ. ಜನ ಹುಚ್ಚೆದ್ದು ಕೂಗಿದರು. ಭಾವನಿಗೂ ಖುಷಿ ತಡೆಯಲಾಗಲಿಲ್ಲ. ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ತೂರಿಬಿಟ್ಟ.

ಅದು ಹೋಗಿ ನಮ್ಮದೇ ಗೋಲಿನೊಳಗೆ ಬಿತ್ತು.

"ಯಾರಪ್ಪಾ ಔಟಾಗಿದ್ದು, ಈನಾಕ್?" ಎಂದು ಕೇಳಿದ ನಮ್ಮ ಕ್ಯಾಪ್ಟನ್. ಬ್ರೋಕ್‌ಶಾದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅಳು ಬಂತು.

ಮರುದಿನ, ಭಾನುವಾರ, ಭಾವ ಮಿಲ್ಲಿನ ಅಂಗಿಯನ್ನು ಮೊಳೆಯಿಂದ ಇಳಿಸಿ ಮಂಡಿಯ ಮೇಲೆ ಇಟ್ಟುಕೊಂಡು ಕೂತಿದ್ದ. ಅಕ್ಕ ಅವನತ್ತ ನೋಡುತ್ತಿರಲಿಲ್ಲ. ಆಗ ಬಾಗಿಲು ತಟ್ಟಿದವನು ಬ್ರೋಕ್‌ಶಾ ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿ ಎಂಟ್‌ವಿಸಲ್.

"ನಗೋಕೆ ಬಂದ್ರಾ?" ಅಂದಳು ಅಕ್ಕ.

"ನಿನ್ನೆನೇ ನಕ್ಕಾಯ್ತಮ್ಮ. ನಿನ್ನ ಗಂಡನ್ನ ಕೇಳೋಕೆ ಬಂದೆ. ಬೇಸಿಗೆಗೆ ನಮ್ಮಲ್ಲಿ ಸಂಬಳಕ್ಕೆ ಆಡ್ತೀಯೇನಪ್ಪ? ಅಂಥಾ ಕ್ಯಾಚು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ನಮ್ಮಲ್ಲಿ ನಿನ್ನ ಹಿಂದೆ ಗೋಲೂ ಇರಲ್ಲ, ಎಷ್ಟು ಬೇಕಾದ್ರೂ ಎಸ್ಕೋ."

"ಬೇಸಿಗೆಗೆ ಸರಿ. ಚಳಿಗಾಲಕ್ಕೆ ಏನ್ ಮಾಡ್ಲಿ, ಸ್ವಾಮಿ?" ಅಂದ ಭಾವ.

ನಾನು ಅಲ್ಲಿ ನಿಲ್ಲಲಿಲ್ಲ. ಚಾಪೆಲ್ಲಿನಿಂದ ಹೊರಬರುತ್ತಿದ್ದ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷನ ಕಿವಿಯಲ್ಲಿ, "ಬ್ರೋಕ್‌ಶಾದವರು ಈನಾಕನ್ನ ಹಾರಿಸ್ಕೊಂಡು ಹೋಗ್ತಿದಾರೆ," ಎಂದಷ್ಟೇ ಹೇಳಿದೆ. ಅವನ ಮುಖ ಕೆಂಪೇರಿತು. ಬ್ರೋಕ್‌ಶಾಕ್ಕೆ ಸೋಲುವುದನ್ನು ನಮ್ಮವರು ಹೇಗೋ ನುಂಗಿಕೊಳ್ಳುತ್ತಾರೆ, ಆಳನ್ನು ಬಿಟ್ಟುಕೊಡುವುದು ಸಾಧ್ಯವೇ ಇಲ್ಲ. ಚಹಾದ ಹೊತ್ತಿಗೆ ಅವನು ಅಕ್ಕನ ಮನೆಯಲ್ಲಿದ್ದ.

"ಚಳಿಗಾಲಕ್ಕೆ ಈನಾಕ್ ನಮ್ಮೋನು. ಒಂದೇ ಷರತ್ತು. ಹಿಡಿದ ಚೆಂಡನ್ನ ಎದೆಗೆ ಅವಚ್ಕೊಂಡಿರ್ಬೇಕು."

ಅಕ್ಕ ಅವತ್ತೇ ಆ ಅಂಗಿಯನ್ನು ಹರಿದು ನೆಲ ಒರೆಸುವ ಬಟ್ಟೆ ಮಾಡಿದಳು.

ಭಾವ ಚಳಿಗಾಲದಲ್ಲಿ ನಮ್ಮಲ್ಲಿ, ಬೇಸಿಗೆಯಲ್ಲಿ ಹಗೆಯ ಊರಿನಲ್ಲಿ ಹದಿನೇಳು ವರ್ಷ ಆಡಿದ. ಷರತ್ತು ಎಷ್ಟು ಮೈಗೂಡಿತೆಂದರೆ ಕ್ರಿಕೆಟ್ ಚೆಂಡನ್ನೂ ಎದೆಗೆ ಅವುಚಿಕೊಳ್ಳುತ್ತಿದ್ದ. "ಎಸೀಬೇಡ ಈನಾಕ್, ಹಿಂದೆ ಗೋಲಿದೆ!" ಎಂದು ಬ್ರೋಕ್‌ಶಾದ ಜನ ಪ್ರತಿ ಸಲವೂ ಕೂಗುತ್ತಿದ್ದರು. ಕೆಮ್ಮು ಯಾವಾಗ ಬಿಟ್ಟುಹೋಯಿತೋ ಯಾರಿಗೂ ನೆನಪಿಲ್ಲ.

ಅವನ ಕೊನೆಯ ಪಂದ್ಯದ ಕೊನೆಯ ಕ್ಯಾಚೂ ಸ್ಲಿಪ್ಪಿಗೇ ಬಂತು. ಹಿಡಿದ, ಎದೆಗೆ ಅವುಚಿದ. ಜನ ಎಂದಿನಂತೆ ಕೂಗಿದರು. ಭಾವ ನಿಧಾನವಾಗಿ ಹಿಂದೆ ತಿರುಗಿ ನೋಡಿದ. ಹುಲ್ಲು, ಗೋಡೆ, ಗೋಡೆಯ ಪಕ್ಕ ಕೂತಿದ್ದ ನನ್ನ ಅಕ್ಕ. ಮತ್ತೆ ಈ ಕಡೆ ತಿರುಗಿ, ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ, ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ತೂರಿದ.