ವಾಮನಣ್ಣನ ಹದಿನೈದು ನಿಮಿಷ

ಬಹಳ ಕಾಲ ಮುಚ್ಚಿಟ್ಟ ರೇಡಿಯೋದ ಬೆನ್ನು ಬಿಚ್ಚಿದರೆ ಬರುವ ವಾಸನೆ ನಿಮಗೂ ಗೊತ್ತಿರಬಹುದು. ಸೆಲ್ಲುಗಳು ಒಳಗೇ ಸೋರಿ, ಸ್ಪ್ರಿಂಗಿಗೆ ಬಿಳಿ ಪುಡಿ ಮೆತ್ತಿ, ಹುಳಿಯೂ ತುಕ್ಕೂ ಸೇರಿದ ಒಂದು ಘಾಟು. ಮೊನ್ನೆ ಅಟ್ಟದಿಂದ ನನ್ನ ರೇಡಿಯೋ ಇಳಿಸಿ ಬಿಚ್ಚಿದಾಗ ಕೈಗೆ ಅಂಟಿದ ಆ ವಾಸನೆ ಎರಡು ಸಲ ಸೋಪು ಹಾಕಿದರೂ ಹೋಗಲಿಲ್ಲ.

ಇಳಿಸಿದ್ದಕ್ಕೆ ಕಾರಣ ನಸೀಮಾ. ನಾನು ಮೂವತ್ತು ವರ್ಷ ಉಪಸಂಪಾದಕನಾಗಿದ್ದ ಕಾಸರಗೋಡಿನ ಪತ್ರಿಕೆಯಲ್ಲಿ ಈಗ ಭಾನುವಾರದ ಪುರವಣಿ ನೋಡಿಕೊಳ್ಳುವವಳು. ಫೋನ್ ಮಾಡಿ, “ಸರ್, ರೇಡಿಯೋ, ಟೀವಿಯಲ್ಲಿ ಬಂದ ಸ್ವಲ್ಪ ವಿಚಿತ್ರ ಹಾಸ್ಯ ಕಾರ್ಯಕ್ರಮ ಐದು ಹೇಳಿ. ಎಲ್ಲರಿಗೂ ಗೊತ್ತಿರುವಂಥದ್ದು ಬೇಡ. ಹಳೇ ರೇಡಿಯೋದ್ದು ಒಂದು ಫೋಟೋ ಸಹ ಬೇಕು” ಎಂದಳು.

“ಎಂತಕ್ಕೆ ನನ್ನ ಹತ್ತಿರ ಕೇಳುವುದು?”

“ನೀವು ನಗುವುದೇ ಅಪರೂಪ ಅಂತೆ ಸರ್. ನಿಮ್ಮನ್ನು ನಗಿಸಿದ್ದು ಅಂದರೆ ಗ್ಯಾರಂಟಿ ಉಂಟಲ್ಲ.”

ಮೊದಲ ನಾಲ್ಕು ಕಷ್ಟವಾಗಲಿಲ್ಲ. ಒಂದು, ಮಲಯಾಳ ರೇಡಿಯೋದಲ್ಲಿ ಬರುತ್ತಿದ್ದ ಇಬ್ಬರು ಅಣ್ಣತಮ್ಮಂದಿರ ಮಾತುಕತೆ. ಇಬ್ಬರೂ ಒಂದು ಗೋಡೆ ಗಡಿಯಾರ ರಿಪೇರಿಗೆ ಕುಳಿತವರು. ಲೋಕದ ಎಲ್ಲ ವಿಷಯ ಮಾತಾಡುತ್ತಾರೆ, ಗಡಿಯಾರ ಮುಟ್ಟುವುದಿಲ್ಲ. ಎರಡು, ಒಬ್ಬ ಗಿರಾಕಿಯೂ ಬಾರದ ಲಾಡ್ಜಿನ ಟೀವಿ ಧಾರಾವಾಹಿ. ನಮ್ಮಲ್ಲಿ ಅದು ಕಾಣಬೇಕಾದರೆ ಒಬ್ಬರು ಮಾಡಿನ ಮೇಲೆ ಆಂಟೆನಾ ಹಿಡಿದು ನಿಲ್ಲಬೇಕಿತ್ತು. ಆ ಕೆಲಸ ನನ್ನದೇ ಆದ್ದರಿಂದ ಧಾರಾವಾಹಿಯ ಅರ್ಧವನ್ನು ನಾನು ಕೆಳಗಿನವರ ನಗುವಿನಲ್ಲೇ ಕೇಳಿದ್ದೇನೆ. ಮೂರು, ಉತ್ತರ ತನಗೇ ಗೊತ್ತಿಲ್ಲದವನೊಬ್ಬ ನಡೆಸುತ್ತಿದ್ದ ರಸಪ್ರಶ್ನೆ. ನಾಲ್ಕು, ಊರಿನ ಕೇಬಲ್ ಟೀವಿಯ ಒಂದು ಸುಳ್ಳು ವಾರ್ತೆ. ಕೋಟು ಹಾಕಿದ ವಾಚಕ ಗಂಭೀರವಾಗಿ ಓದುತ್ತಿದ್ದ: “ಮಧೂರು ರಸ್ತೆಯಲ್ಲಿ ಇಂದು ಒಂದು ದನ ಅಡ್ಡ ಮಲಗಿತು. ಸ್ವಲ್ಪ ಹೊತ್ತಿನ ನಂತರ ಅದು ಎದ್ದಿತು.” ಇಡೀ ಜೀವಮಾನ ಸುದ್ದಿ ತಿದ್ದಿದ ನನಗೆ ಇಷ್ಟು ಶುದ್ಧವಾದ ವರದಿ ಮತ್ತೊಂದು ಸಿಕ್ಕಿಲ್ಲ.

ಐದನೆಯದಕ್ಕೆ ಪೆನ್ನು ನಿಂತಿತು. ಮರೆತಿದ್ದರಿಂದಲ್ಲ. ಅದೇ ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಮತ್ತು ಅದರ ಬಗ್ಗೆ ಒಂದೇ ಒಂದು ಗೆರೆಯನ್ನೂ ಬರೆಯದೆ ಉಳಿದವನು ನಾನು.

ಅದರ ಹೆಸರು ‘ಸ್ವಲ್ಪ ಓದಿ ಹೇಳ್ತೀರಾ?’. ಶನಿವಾರ ಮಧ್ಯಾಹ್ನ, ಕನ್ನಡದಲ್ಲಿ, ಹದಿನೈದು ನಿಮಿಷ. ಐತಪ್ಪಜ್ಜ ಎಂಬ ಮುದುಕನಿಗೆ ಸರಕಾರಿ ಕಚೇರಿಯಿಂದ ಒಂದು ಕಾಗದ ಬಂದಿದೆ. ಅದು ಮಲಯಾಳದಲ್ಲಿದೆ, ಅಜ್ಜನಿಗೆ ಓದಲು ಬರುವುದಿಲ್ಲ. ಕೇರಳಕ್ಕೆ ಸೇರಿದ ನಮ್ಮ ಕನ್ನಡದವರಲ್ಲಿ ಯಾರ ಮನೆಗೆ ಇಂಥ ಕಾಗದ ಬಂದಿಲ್ಲ ಹೇಳಿ! ವಾರಕ್ಕೊಬ್ಬರ ಹತ್ತಿರ ಅಜ್ಜ ಅದೇ ಕಾಗದ ಹಿಡಿದುಕೊಂಡು ಹೋಗುತ್ತಾನೆ. ರೇಶನ್ ಅಂಗಡಿಯವನು ಸೀಮೆಎಣ್ಣೆ ವಿಷಯ ಎನ್ನುತ್ತಾನೆ. ಗಲ್ಫಿನಿಂದ ರಜೆಗೆ ಬಂದವನು, “ಇದು ವೀಸಾದ್ದು ಅಜ್ಜ, ನಿಮ್ಮದೇ ಹೆಸರಿಗೆ ಉಂಟು” ಎನ್ನುತ್ತಾನೆ. ತನಗೂ ಮಲಯಾಳ ಓದಲು ಬರುವುದಿಲ್ಲ ಎಂದು ಒಪ್ಪಿಕೊಳ್ಳುವವರು ಯಾರೂ ಇಲ್ಲ. ಒಂದೇ ಕಾಗದದಲ್ಲಿ ಎರಡು ವರ್ಷ ನಡೆಯಿತು. ಹಿಂದಿನಿಂದ ನಗುವ ಸದ್ದು ಹಾಕುವ ಪದ್ಧತಿ ಅದರಲ್ಲಿರಲಿಲ್ಲ.

ಬರೆಯುತ್ತಿದ್ದವರು ವಾಮನಣ್ಣ. ನಮ್ಮದೇ ಪತ್ರಿಕೆಯ ಕರಡು ತಿದ್ದುವವರು, ನನ್ನ ಮುಂದಿನ ಮೇಜು. ಬೆಳ್ಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ರಜೆಯ ದಿನ ರೈಲು ಹತ್ತಿ ಗಡಿಯಾಚೆಯ ರೇಡಿಯೋ ನಿಲಯಕ್ಕೆ ಧ್ವನಿಮುದ್ರಣಕ್ಕೆ ಹೋಗುತ್ತಿದ್ದರು. ಬೇರೆ ಹೆಸರಿನಲ್ಲಿ ಬರೆಯುತ್ತಿದ್ದರೂ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಗ ನಾನೊಂದು ಅಂಕಣ ಬರೆಯುತ್ತಿದ್ದೆ. ಈ ವಾರ ರೇಡಿಯೋ, ಟೀವಿಯಲ್ಲಿ ಏನು ಕೇಳಬಹುದು, ಏನು ನೋಡಬಹುದು ಎಂಬ ಶಿಫಾರಸು. ಅದಕ್ಕೊಂದು ಬಲವಿತ್ತು ಎಂದರೆ ಜಂಬವಾದೀತು, ಆದರೆ ಇತ್ತು. ನಮ್ಮೂರಿನವರು ರೇಡಿಯೋ ಕೇಳಿ ನಗುತ್ತಾರೆ, ಕಾಗದ ಹಾಕುವುದಿಲ್ಲ. ಬೇರೆ ರಾಜ್ಯದ ನಿಲಯ, ಕೇರಳದಿಂದ ಹೋದ ನಮ್ಮ ಕಾರ್ಡನ್ನು ಅಲ್ಲಿ ಯಾರು ಓದುತ್ತಾರೆ ಎಂಬ ಸಂಕೋಚ. ನಿಲಯದವರಾದರೋ ಬಂದ ಕಾಗದ ನೋಡಿಯೇ ಕಾರ್ಯಕ್ರಮ ಮುಂದುವರಿಸುವವರು. ಅಂಕಣದಲ್ಲಿ ಹೆಸರು ಕಂಡರೆ ಮಾತ್ರ ಜನಕ್ಕೆ ಧೈರ್ಯ ಬಂದು, ಆ ವಾರ ನಾಲ್ಕು ಕಾರ್ಡು ಹೋಗುತ್ತಿತ್ತು.

ಆ ಅಂಕಣದ ಕರಡು ತಿದ್ದುತ್ತಿದ್ದವರೂ ವಾಮನಣ್ಣನೇ. ಇನ್ನೊಬ್ಬರ ಹಾಸ್ಯವನ್ನು ನಾನು ಹೊಗಳಿದ ವಾಕ್ಯಗಳನ್ನು ಅವರು ಕೆಂಪು ಪೆನ್ನು ಹಿಡಿದು ಇನ್ನಷ್ಟು ಚೆಂದ ಮಾಡಿಕೊಡುತ್ತಿದ್ದರು. ಎರಡು ವರ್ಷ, ವಾರವಾರ.

ಅವರು ಕೇಳಿದ್ದು ಒಂದೇ ಸಲ. ತಿದ್ದಿದ ಹಾಳೆ ನನ್ನ ಮೇಜಿನ ಮೇಲಿಟ್ಟು, “ಮಾರಾಯ್ರೆ, ಶನಿವಾರ ಮಧ್ಯಾಹ್ನ ನನ್ನದೊಂದು ಬರ್ತದೆ. ಪುರುಸೊತ್ತಾದರೆ ಕೇಳಿ. ಹಿಡಿಸಿದರೆ ಒಂದು ಗೆರೆ ಬರೆಯಿರಿ. ಹಿಡಿಸದಿದ್ದರೆ ಬೈದೇ ಬರೆಯಿರಿ, ಹೆಸರು ಬಂದರೆ ಸಾಕು. ಕಾಗದ ಇಲ್ಲ ಅಂತ ನಿಲ್ಲಿಸುವ ಅಂದಾಜಿನಲ್ಲಿದ್ದಾರೆ” ಎಂದರು.

“ವಾಮನಣ್ಣ, ನಮ್ಮವರದ್ದನ್ನು ನಾವೇ ಬರೆಯುವ ಕ್ರಮ ಇಲ್ಲ ಅಲ್ವಾ?”

“ಹಾಗೆ ಉಂಟಾ?” ಎಂದರು ಅವರು. “ಇದ್ದರೆ ಬೇಡ. ಕ್ರಮ ಅಂದರೆ ಕ್ರಮ.” ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, “ಇಲ್ಲಿ ‘ಅದ್ಭುತ’ ಎರಡು ಸಲ ಬಂದಿದೆ. ಒಂದು ತೆಗೆಯಲಾ?” ಎಂದು ಕೇಳಿದರು.

ತೆಗೆಯಿರಿ ಎಂದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಕಾರ್ಯಕ್ರಮ ನಿಂತಿತು. ಐತಪ್ಪಜ್ಜನ ಕಾಗದದಲ್ಲಿ ಏನಿತ್ತೆಂದು ಯಾರಿಗೂ ತಿಳಿಯಲಿಲ್ಲ. ಮುಂದಿನ ವಾರ ವಾಮನಣ್ಣ ಎಂದಿನಂತೆ ನನ್ನ ಅಂಕಣ ತಿದ್ದಿದರು.

ಅವರು ನಿವೃತ್ತರಾದ ದಿನ, ಚಹಾ ಕುಡಿಯುತ್ತಾ, ನನ್ನ ಶಿಸ್ತಿನ ಉದಾಹರಣೆಯಾಗಿ ಇದನ್ನು ಸಂಪಾದಕರಿಗೆ ಹೇಳಿದೆ. ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಸಂಪಾದಕರು ಲೋಟ ಕೆಳಗಿಟ್ಟು, “ಯಾರು ಮಾಡಿದ ಕ್ರಮ ಮಾರಾಯ ಅದು? ಬರೆದವರು ನಮ್ಮ ಸಿಬ್ಬಂದಿ ಅಂತ ಒಂದು ವಾಕ್ಯ ಸೇರಿಸಿದರೆ ಮುಗಿಯಿತಲ್ಲ” ಎಂದರು. ಆ ಕ್ರಮವನ್ನು ನಾನು ಎಲ್ಲಿ ಓದಿದ್ದೆ, ಯಾರು ಹೇಳಿದ್ದರು ಎಂದು ಬಹಳ ಯೋಚಿಸಿದ್ದೇನೆ. ಯಾರೂ ಹೇಳಿರಲಿಲ್ಲ. ತನ್ನವರನ್ನೇ ಹೊಗಳಿಕೊಂಡ ಎಂದು ನಾಲ್ಕು ಜನ ಆಡಿಕೊಂಡಾರೆಂಬ ಹೆದರಿಕೆಗೆ ನಾನು ಕ್ರಮ ಎಂದು ಹೆಸರಿಟ್ಟಿದ್ದೆ. ಅದನ್ನು ವಾಮನಣ್ಣನ ಹತ್ತಿರ ಹೋಗಿ ಹೇಳಲು ಮನಸ್ಸು ಬರಲಿಲ್ಲ. ಮತ್ತೆ ನೋಡುವಾ ಎಂದುಕೊಂಡೆ. ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು.

ಪಟ್ಟಿ ಅರ್ಧಕ್ಕೆ ನಿಲ್ಲಿಸಿ ಬೆಳ್ಳೂರಿಗೆ ಫೋನ್ ಮಾಡಿದೆ. ವಾಮನಣ್ಣನ ಹೆಂಡತಿ ಸುಮತಿಯಕ್ಕ ಎತ್ತಿದರು. ನನ್ನ ಹೆಸರು ಹೇಳಿ, ಆ ಕಾರ್ಯಕ್ರಮದ ಕ್ಯಾಸೆಟ್ ಏನಾದರೂ ಉಳಿದಿದೆಯೇ ಎಂದು ಕೇಳಿದೆ.

“ಕ್ಯಾಸೆಟ್ ಎಲ್ಲಿಂದ? ಒಂದರ ಮೇಲೆ ಇನ್ನೊಂದು ತುಂಬಿಸುವ ಕಾಲ ಅದು.” ಆಮೇಲೆ, “ನಿಮಗೆಂತಕ್ಕೆ ಈಗ ಅದರ ನೆನಪು?” ಎಂದರು.

“ಕೇಳುತ್ತಿದ್ದೆ ಅಕ್ಕ.”

“ಯಾವಾಗ?”

“ಪ್ರತಿ ಶನಿವಾರ.”

ಲೈನ್ ಕಡಿದುಹೋಯಿತೆಂದು ನಾನು ಎರಡು ಸಲ ಹಲೋ ಎಂದೆ.

“ಅವರಿಗೆ ಗೊತ್ತಿರಲಿಲ್ಲ,” ಎಂದರು ಸುಮತಿಯಕ್ಕ. “ನೀವು ಒಂದು ವಾರವೂ ಕೇಳಿಲ್ಲ ಅಂತ ಅವರ ಲೆಕ್ಕ. ಬರೆಯದಿದ್ದದ್ದು ದೊಡ್ಡದಲ್ಲ, ಎದುರು ಕೂತವನಿಗೂ ಕೇಳಬೇಕು ಅಂತ ಕಾಣ್ಲಿಲ್ಲ ನೋಡು, ಅಂತಿದ್ದರು.”

ಕಾರ್ಯಕ್ರಮ ಕೇಳುತ್ತಿದ್ದೇನೆ ಎಂದರೆ ಆ ಒಂದು ಗೆರೆ ಬರೆಯಿರಿ ಎಂದು ಮತ್ತೊಮ್ಮೆ ಹೇಳಿಯಾರೆಂದು ನಾನು ಅವರೆದುರು ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ಕೇಳುತ್ತಿದ್ದವನು ನಾನು. ಕಚೇರಿಗೇ ಕೇಳಿಸುತ್ತದೋ ಎಂಬಂತೆ.

“ಯಾವುದು ಹಿಡಿಸಿತ್ತು ನಿಮಗೆ?” ಇದು ಪರೀಕ್ಷೆ ಎಂದು ದನಿಯಲ್ಲೇ ಗೊತ್ತಾಯಿತು.

ಹೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಅಜ್ಜನ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಮೌನವಾಗಿ ಓದುತ್ತಾಳೆ. ಓದಿ ಮಡಚಿ ವಾಪಸು ಕೊಟ್ಟು, ಅದರಲ್ಲಿದ್ದುದನ್ನು ಹೇಳಲು ಮನಸ್ಸಾಗದೆ, “ಅಜ್ಜ, ನಿಮ್ಮದು ಊಟ ಆಯಿತಾ?” ಎನ್ನುತ್ತಾಳೆ. ಮಲಯಾಳ ಸರಿಯಾಗಿ ಬರುವವಳು ಅವಳೊಬ್ಬಳೇ ಎಂದು ನಮಗೆ ಆಗ ತಿಳಿಯುತ್ತದೆ.

“ಆ ಹೆಂಗಸು ನಾನು,” ಎಂದರು ಸುಮತಿಯಕ್ಕ. “ಬರಬೇಕಾಗಿದ್ದವಳು ಬರಲಿಲ್ಲ ಅಂತ ನನ್ನನ್ನು ಕೂರಿಸಿದ್ದು. ಒಂದು ಊಟ ಆಯಿತಾ ಅನ್ನಲಿಕ್ಕೆ ಎಂಟು ಸಲ ಹೇಳಿಸಿದ್ದಾರೆ ಪುಣ್ಯಾತ್ಮ.” ನಕ್ಕರು. ನಂತರ ನಗು ನಿಲ್ಲಿಸಿ, “ಪೇಪರಿಗೆ ಬರೆಯುವುದಾದರೆ ಅವರ ನಿಜವಾದ ಹೆಸರು ಹಾಕಿ. ಹೊಗಳುವುದು ಬೇಡ. ಕೇಳ್ತಿದ್ದೆ ಅಂತ ಬರೆಯಿರಿ, ಅಷ್ಟೇ” ಎಂದರು.

ಪಟ್ಟಿ ಕಳಿಸಿದ ಮೇಲೆ ನಸೀಮಾ ಫೋನ್ ಮಾಡಿದಳು. “ಸರ್, ಐದನೆಯದು ಎಲ್ಲಿಯೂ ಸಿಗುವುದಿಲ್ಲವಲ್ಲ. ಕೇಳಲಿಕ್ಕೆ ಇಲ್ಲದ್ದನ್ನು ಕೇಳಿ ಅಂತ ಹೇಗೆ ಹಾಕುವುದು?”

ಹೇಳಿದ್ದು ಸರಿ. ನಾನು ಆ ಮೇಜಿನಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಆದರೂ ತೆಗೆಯಬೇಡ ಎಂದೆ. ಮೂವತ್ತು ವರ್ಷದಲ್ಲಿ ಪುರವಣಿಯವರ ಹತ್ತಿರ ನಾನು ಹಾಗೆ ಕೇಳಿಕೊಂಡದ್ದು ಇದೇ ಮೊದಲು. ಅವಳು ತೆಗೆಯಲಿಲ್ಲ. ಭಾನುವಾರ ಅದು ಅಚ್ಚಾಗಿತ್ತು. ಕಾರ್ಯಕ್ರಮದ ಹೆಸರು, ವಾಮನಣ್ಣನ ಹೆಸರು, ಅವರು ಈ ಪತ್ರಿಕೆಯ ಸಿಬ್ಬಂದಿಯಾಗಿದ್ದರು ಎಂಬ ಒಂದು ವಾಕ್ಯ, ಮತ್ತು ಅದರ ಕೆಳಗೆ: ನಾನು ಇದನ್ನು ಪ್ರತಿ ವಾರ ಕೇಳುತ್ತಿದ್ದೆ.