ಬಳೆ ಅರ್ಧ ಏರಿದಾಗ

ಬಳೆಗಾರ್ತಿ ಚಾಚಿಯ ಬೆರಳ ತುದಿಗಳ ತುಂಬ ಗಾಜು ಗೀರಿದ ಬಿಳಿ ಗೆರೆಗಳಿದ್ದವು. ಆ ಒರಟು ಬೆರಳಿನಿಂದಲೇ ನಮ್ಮ ಅಂಗೈಯನ್ನು ಹಿಟ್ಟಿನಂತೆ ನಾದಿ, ಮೆತ್ತಗೆ ಮಾಡಿ, ಗೆಣ್ಣು ದಾಟಿಸಿ ಬಳೆ ಏರಿಸುತ್ತಿದ್ದಳು. ಸಿದ್ದಾಪುರದ ನಮ್ಮ ಓಣಿಗೆಲ್ಲ ಅವಳು ಚಾಚಿ, ನಮ್ಮತ್ತೆಗೆ ಮಾತ್ರ ಬಾಯಿಬಡಕಿ. ಅದು ಸುಳ್ಳೇನಲ್ಲ, ಯಾರ ಮನೆಯಲ್ಲಿ ಏನು ಜಗಳ ಎಂಬುದೆಲ್ಲ ಅವಳಿಂದಲೇ ತಿಳಿಯುತ್ತಿತ್ತು. ಆದರೆ ಹೆಂಗಸರ ಒಳಗಿನ ಸಂಕಟವನ್ನು ಅವಳು ಇನ್ನೊಬ್ಬರ ಮುಂದೆ ಆಡಿದ್ದನ್ನು ನಾನು ಕೇಳಿಲ್ಲ.

ಅಂಥದ್ದನ್ನು ಕೇಳುವುದಕ್ಕೂ ಅವಳು ಹೊತ್ತು ನೋಡುತ್ತಿದ್ದಳು. ಬಳೆ ಗೆಣ್ಣಿನ ಮೇಲೆ ಅರ್ಧ ಏರಿ ನಿಂತಾಗ. ಆಗ ಕೈ ಎಳೆದುಕೊಳ್ಳುವಂತಿಲ್ಲ, ಎದ್ದು ಹೋಗುವಂತಿಲ್ಲ. ಒಡೆದರೆ ಬಸುರಿಗೆ ಅಪಶಕುನ ಬೇರೆ.

ಕೊಪ್ಪಳ ಬೇರೆ ಜಿಲ್ಲೆಯಾದ ಮರುವರ್ಷ ನಾನು ಎರಡನೆಯ ಸಲ ಬಸುರಿ. ಮೊದಲನೆಯ ಕೂಸು ಏಳು ತಿಂಗಳಿಗೇ ಹುಟ್ಟಿ, ಬೆಳಗಾಗುವುದರೊಳಗೆ ಹೋಗಿತ್ತು. ಈ ಸಲವೂ ಆಗಿನಂತೆಯೇ ಬಿಳಿಸೆರಗು, ತುರಿಕೆ, ಕೆಟ್ಟ ವಾಸನೆ. ಅತ್ತೆಗೆ ಹೇಳಿದರೆ, “ಉಷ್ಣ ಆಗೇತಿ, ಮಜ್ಜಿಗಿ ಕುಡಿ” ಅಂದರು. ಅತ್ತೆ ಕೆಟ್ಟವರಲ್ಲ, ಆದರೆ ಅವರಿಗೆ ಕಣ್ಣುರಿಯಿಂದ ಹಿಡಿದು ಎಲ್ಲದಕ್ಕೂ ಉಷ್ಣವೇ ಕಾರಣ. ಗಂಡನ ಮುಂದೆ ಬಾಯಿ ಬಿಡುವುದಂತೂ ಆಗದ ಮಾತು. ಮಜ್ಜಿಗೆ ಕುಡಿಯುತ್ತಾ, ಇದೂ ಹೋಗಿಬಿಟ್ಟರೆ ಎಂದು ದಿನವೂ ಹೆದರುತ್ತಿದ್ದೆ.

ಚಾಚಿ ಹಸಿರು ಬಳೆ ತೊಡಿಸಲು ಬಂದಳು. ಅತ್ತೆ ಒಳಗೆ ಚಹಾಕ್ಕೆ ಇಡುತ್ತಿದ್ದರು. ಬಳೆ ಅರ್ಧ ಏರಿತ್ತು.

“ಬಿಳಿ ಹೋಗ್ತೈತೇನವಾ? ವಾಸನಿ ಐತೇನು?”

“ಹೂಂ. ಹೋದ ಸಲಾನೂ ಹಿಂಗ ಇತ್ತು, ಚಾಚಿ.”

ಅವಳ ಬೆರಳು ನಿಂತವು. “ನನ್ನವೂ ಎರಡು ಕೂಸು ದಿನಾ ತುಂಬೂ ಮೊದಲ ಹುಟ್ಟಿ ಹೋದ್ವು. ಎದಕ್ಕ ಹೋದ್ವು ಅಂತ ಅಲ್ಲಾಗೇ ಗೊತ್ತು. ನನ್ನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ.”

ಏರಿಸಿದ ಬಳೆಯನ್ನು ಹಿಂದಕ್ಕೆ ತೆಗೆದಳು. ಒಳಗೆ ಕೇಳುವಂತೆ ಕೂಗಿದಳು: “ಅಕ್ಕಾರ, ಇಕಿ ಕೈ ಬಾತೈತ್ರಿ, ಈ ಅಳತಿ ಏರವಲ್ಲದು. ನಾಳಿ ಗಂಗಾವತಿಗೆ ಕರ್ಕೊಂಡು ಹೋಗಿ ದೊಡ್ಡ ಬಳಿ ಇಡಿಸ್ಕೊಂಡು ಬರ್ತೀನಿ.”

ಗಂಗಾವತಿಯ ಲೇಡಿ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: “ಇದು ಉಷ್ಣ ಅಲ್ಲಮ್ಮಾ, ಸೋಂಕು. ಹೋದ ಸಲ ಇದರಿಂದಾನ ಹಂಗಾತು ಅಂತ ನಾ ಹೇಳಂಗಿಲ್ಲ. ಆದ್ರ ಇಂಥಾ ಸೋಂಕಿದ್ರ ಕೆಲವರಿಗೆ ಹೆರಿಗಿ ಮುಂಚೇನ ಆಗಬಹುದು. ಗುಳಿಗಿ ಬಿಡಬ್ಯಾಡ. ನಿನ್ನ ಗಂಡನೂ ತಗೋಬೇಕು.”

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಚಾಚಿ ಬಸ್ಸಿನಲ್ಲಿ ನಕ್ಕಳು. “ಅವಗ ನಾನ ಹೇಳ್ತೀನಿ ಬಿಡು. ಅವನು ಹೊಟ್ಟ್ಯಾಗಿದ್ದಾಗ ಅವರವ್ವಗ ಬಳಿ ಇಡಿಸಿದಾಕಿ ನಾನು.” ಹೇಳಿಯೂ ಹೇಳಿದಳು. ನಮ್ಮವರು ತಲೆ ಎತ್ತದೆ ಗುಳಿಗೆ ನುಂಗಿದರು.

ಮಗಳು ದಿನ ತುಂಬಿಯೇ ಹುಟ್ಟಿದಳು. ಗುಳಿಗೆಯಿಂದಲೋ ದೇವರ ದಯೆಯಿಂದಲೋ, ನಾನು ವಾದಕ್ಕೆ ಹೋಗುವುದಿಲ್ಲ. ನನ್ನನ್ನು ಕೇಳಿದವಳು ಚಾಚಿ.

ಚಾಚಿ ತೀರಿಕೊಂಡ ದಿನ ಅತ್ತೆ, “ಬಾಯಿಬಡಕಿ ಹೋದಳಲ್ಲೇ” ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತರು.

ಈ ವರ್ಷ ಮಗಳು ಐದು ತಿಂಗಳ ಬಸುರಿಯಾಗಿ ಮನೆಗೆ ಬಂದಳು. ಏನು ಕೇಳಿದರೂ “ಎಲ್ಲಾ ಛಲೋ ಐತಿ ಅವ್ವಾ” ಎಂಬುದೊಂದೇ ಉತ್ತರ. ನಾನೇ ಹಸಿರು ಬಳೆ ಹಿಡಿದು ಕೂತೆ. ಗೆಣ್ಣಿನ ಮೇಲೆ ಬಳೆ ಅರ್ಧ ಏರಿದಾಗ ನಿಲ್ಲಿಸಿ, ಚಾಚಿ ಕೇಳಿದ್ದನ್ನೇ ಕೇಳಿದೆ. ಅವಳು ಕೈ ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ.

“ನಿನಗ ಹ್ಯಾಂಗ ಗೊತ್ತಾತವ್ವಾ?”

ಬಳೆಯನ್ನು ಹಿಂದಕ್ಕೆ ತೆಗೆದು, “ನಡಿ, ಗಂಗಾವತಿಗೆ ಹೋಗಿ ಬರೂಣು” ಎಂದೆ.