ದೇಸಾಯಿ ಅಂಕಲ್ಲರ ಶಿಫಾರಸು ಪತ್ರ

ಅಮೆರಿಕದ ಯೂಲೆಸ್ ಊರಿನ ದೇಸಾಯಿ ಅಂಕಲ್ ಯಾರನ್ನೂ ಬರೀ ಹೆಸರು ಹಿಡಿದು ಕರೆದವರಲ್ಲ. ಜೊತೆಗೆ ಅಪ್ಪನ ಹೆಸರೂ ಇರಲೇಬೇಕು. ಐವತ್ತು ದಾಟಿದ ನಾನು ಅವರ ಬಾಯಲ್ಲಿ ಯಾವತ್ತೂ ‘ಶ್ರೀಧರ ನಾರಾಯಣರಾವ್’. “ಅಪ್ಪನ್ನ ಬಿಟ್ಟು ಕರದರ ಅರ್ಧಾ ಮನಷ್ಯಾನ್ನ ಕರದಂಗ್ರಿ,” ಎನ್ನುತ್ತಿದ್ದರು.

ವಿಜಯಪುರದ ಈ ಎಲೆಕ್ಟ್ರಿಷಿಯನ್ ಅಮೆರಿಕದ ಪ್ರಜೆಯಾದ ಮೇಲೆ ಅಫ್ಘಾನಿಸ್ತಾನದಲ್ಲಿದ್ದ ಅಲ್ಲಿನ ಸೇನೆಯ ನೆಲೆಯೊಂದರಲ್ಲಿ ಎಂಟು ವರ್ಷ ದುಡಿದರು. ಅಲ್ಲಿ ಅವರಿಗೆ ದುಭಾಷಿಯಾಗಿದ್ದವನು ದಾವೂದ್. ಮುಂದಿನ ತಿರುವಿನಲ್ಲಿ ಬಾಂಬಿದೆ ಎಂದು ಹಳ್ಳಿಯವರು ಪಿಸುಗುಟ್ಟಿದ್ದನ್ನು ಕೇಳಿ ಇವರ ಗಾಡಿ ನಿಲ್ಲಿಸಿದವನೂ ಅವನೇ. ಅವನನ್ನು ಅಮೆರಿಕಕ್ಕೆ ಕರೆಸಿಕೊಳ್ಳುವೆನೆಂದು ಅಂಕಲ್ ಮಾತು ಕೊಟ್ಟಿದ್ದರು.

ವೀಸಾಕ್ಕೆ ಶಿಫಾರಸು ಪತ್ರವನ್ನೂ ತಾವೇ ಬರೆದರು. ದಾವೂದನ ಗುರುತಿನ ಚೀಟಿಯಲ್ಲಿದ್ದದ್ದು ಒಂದೇ ಹೆಸರು. ಅಂಕಲ್ ಅಭ್ಯಾಸಬಲದಿಂದ, ಗೌರವದಿಂದ, ಅವನ ಅಪ್ಪನ ಹೆಸರನ್ನೂ ಸೇರಿಸಿದರು. ಪತ್ರದಲ್ಲಿರುವವನು ಬೇರೆ ಯಾರೋ ಎಂದು ಅರ್ಜಿ ಹಿಂದಿರುಗಿತು. ತಿದ್ದಿ ಕಳಿಸುವಷ್ಟರಲ್ಲಿ ಅಮೆರಿಕದ ಸೇನೆ ಕಾಬೂಲ್ ಬಿಟ್ಟಾಗಿತ್ತು.

ಆ ದಿನಗಳಲ್ಲಿ ಎಲ್ಲರ ಮನೆಯಲ್ಲೂ ಅದೇ ಚರ್ಚೆ, ಅಮೆರಿಕದ ಮಾನ ಉಳಿಯಿತೇ, ಹೋಯಿತೇ. ಒಂದು ಭಾನುವಾರ ಫ್ಲವರ್ ಮೌಂಡ್‌ನ ನಮ್ಮ ಮನೆಯಲ್ಲಿ ಇಡ್ಲಿ ತಿನ್ನುತ್ತ ನಾನೂ ಭಾಷಣ ಬಿಗಿದೆ. “ಡಾಲರ್ ಇದೆ, ನೌಕಾಪಡೆ ಇದೆ, ಏನೂ ಆಗಲ್ಲ ಅಂಕಲ್. ಇಪ್ಪತ್ತು ವರ್ಷದ ಹೊರೆ ಇಳೀತು, ಇನ್ನು ಚೈನಾ ಕಡೆ ನೋಡಬಹುದು.”

ಅಂಕಲ್ ತಟ್ಟೆ ಬದಿಗಿಟ್ಟರು. “ಯುದ್ಧಾ ನಿಲ್ಲಸಬಾರದಿತ್ತು ಅಂತ ನಾ ಅನ್ನಂಗಿಲ್ರಿ. ಆದರ ನನ್ನ ಪತ್ರಾನ ದಾವೂದ ಕಿಸೇದಾಗ ಇಟ್ಕೊಂಡು ತಿರಗತಿದ್ದ. ಮೊದಲ ಅದನ್ನ ನೋಡಿ ಚೆಕ್‌ಪೋಸ್ಟ್‌ನಾಗ ದಾರಿ ಬಿಡತಿದ್ರು. ನಿನ್ನೆ ಅವನ ಹೆಂಡತಿ ಅದನ್ನ ಒಲಿಗೆ ಹಾಕ್ಯಾಳ. ಈಗ ಆಳಾವ್ರಿಗೆ ಅದು ಮನ್ಯಾಗ ಸಿಕ್ಕರ ಅವನ ಜೀವಾನ ಹೋಗತದ. ನಮ್ಮ ದೇಶದ ಬೆಲಿ ಇಳಿದದ್ದು ನನಗ ಅಲ್ಲಿ ಗೊತ್ತಾತ್ರಿ.”

ನನಗೆ ನಾಚಿಕೆಯಾಯಿತು. ಅಲ್ಲಿಂದಾಚೆ ದಾವೂದನ ಅರ್ಜಿಗಾಗಿ ಅವರನ್ನು ಆಸ್ಟಿನ್‌ನ ವಕೀಲರ ಬಳಿಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ದಾರಿಯುದ್ದಕ್ಕೂ ಅವರದು ಒಂದೇ ಮಾತು: “ತಪ್ಪು ಸರಕಾರದ್ದೂ ಅದ, ನಂದೂ ಅದ. ಸರಕಾರಕ್ಕ ನಿದ್ದಿ ಬರತದ, ನನಗ ಬರವಲ್ದು.”

ಕೊನೆಯ ಸಲ ಅವರನ್ನು ನೋಡಿದ್ದು ಹ್ಯೂಸ್ಟನ್‌ನ ಆಸ್ಪತ್ರೆಯಲ್ಲಿ. ದನಿ ಕ್ಷೀಣಿಸಿತ್ತು. “ನಾ ಹೋದರ ದಾವೂದಗ ಹೇಳಬ್ಯಾಡ್ರಿ. ಇಷ್ಟು ದೊಡ್ಡ ಅಮೆರಿಕಾದಾಗ ಅವಗ ಗೊತ್ತಿರಾಂವ ನಾ ಒಬ್ಬನ,” ಎಂದರು.

ಅವರು ಹೋಗಿ ಮೂರು ತಿಂಗಳಾಯಿತು. ಅರ್ಜಿ ಇನ್ನೂ ಕದಲಿಲ್ಲ. ಅಂಕಲ್ಲರ ಫೋನನ್ನು ಆಂಟಿ ನನಗೆ ಕೊಟ್ಟಿದ್ದಾರೆ. ಪ್ರತಿ ಶುಕ್ರವಾರ ಅದಕ್ಕೆ ದಾವೂದನ ಸಂದೇಶ ಬರುತ್ತದೆ, “ಸರ್, ಆರೋಗ್ಯವಾಗಿದ್ದೀರಾ?”

ಆರೋಗ್ಯವಾಗಿದ್ದೇನೆ ಎಂದು ಬರೆದು ಕಳಿಸುತ್ತೇನೆ.